ಆಟ ಹುಟ್ಟಿಸಿದ ಮೇಷ್ಟ್ರೇ ಸೋತರು

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಶುರುವಾಗಿದ್ದು 1898ರಲ್ಲಿ. 2003ರಲ್ಲಿ ಬಂದ ಬಿಲ್ ಸೆಲ್ಫ್ ಆ ತಂಡದ ಎಂಟನೇ ಮುಖ್ಯ ಕೋಚ್, ಅಷ್ಟೇ. ನಾಲ್ಕು ಮ್ಯಾಚ್ ಸೋತರೆ ಕುರ್ಚಿ ಅಲ್ಲಾಡುವ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. ಆದರೆ ನನಗೆ ಮಜಾ ಅನ್ನಿಸುವುದು ಬೇರೆ. ಈ ಎಂಟು ಜನರಲ್ಲಿ ಗೆಲುವಿಗಿಂತ ಸೋಲೇ ಜಾಸ್ತಿ ಇರುವವರು ಒಬ್ಬರೇ. 55 ಗೆಲುವು, 60 ಸೋಲು. ಅವರು ಯಾರು ಅಂತೀರಾ? ಆ ಆಟವನ್ನೇ ಹುಟ್ಟಿಸಿದ ಜೇಮ್ಸ್ ನೈಸ್ಮಿತ್!

1891ರ ಡಿಸೆಂಬರ್, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರು, ಹೊರಗೆ ಕೊರೆಯುವ ಚಳಿ, ಒಳಗೆ ಕೂತಲ್ಲಿ ಕೂರದ ಹುಡುಗರು. ಇವರನ್ನು ಹೇಗಪ್ಪಾ ಸುಧಾರಿಸುವುದು ಅಂತ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಕಂಬಿಗೆ ಮೊಳೆ ಹೊಡೆದು ಕೂರಿಸಿದರು. ಬಾಲ್ಕನಿ ಹತ್ತಡಿ ಎತ್ತರ ಇತ್ತು, ರಿಂಗ್ ಇವತ್ತಿಗೂ ಹತ್ತಡಿಯಲ್ಲೇ ಇದೆ. ಬುಟ್ಟಿಗೆ ತಳ ಬೇರೆ ಇತ್ತಲ್ಲ, ಚೆಂಡು ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕು.

ಇವರ ಶಿಷ್ಯ ಫಾಗ್ ಆಲೆನ್, ಕೋಚ್ ಆಗ್ತೀನಿ ಅಂದಾಗ, 'ಬ್ಯಾಸ್ಕೆಟ್‌ಬಾಲ್ ಹೇಳಿಕೊಡೋಕೆ ಆಗಲ್ಲ ಕಣಯ್ಯ, ಸುಮ್ನೆ ಆಡಬೇಕು' ಅಂದರಂತೆ ಗುರುಗಳು. ಶಿಷ್ಯ ಕೇಳಬೇಕಲ್ಲ. ಕ್ಯಾನ್ಸಸ್‌ನಲ್ಲೇ 39 ವರ್ಷ ಕೋಚ್ ಆಗಿದ್ದು 590 ಪಂದ್ಯ ಗೆದ್ದರು. ಮುಂದೆ ಬ್ಯಾಸ್ಕೆಟ್‌ಬಾಲ್ ದಂತಕಥೆಯಾದ, ಏಳಡಿ ಎತ್ತರದ ವಿಲ್ಟ್ ಚೇಂಬರ್ಲಿನ್‌ನನ್ನು ಪುಸಲಾಯಿಸಿ ಕಾಲೇಜಿಗೆ ಕರೆತಂದವರೂ ಅವರೇ. ಆದರೆ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ, ಹುಡುಗನ ಸರದಿ ಬರುವ ಹೊತ್ತಿಗೆ ಇವರಿಗೆ 70 ತುಂಬಿ ನಿವೃತ್ತಿ. ಪಾಪ, ಎಲೆ ಹಾಕಿ ಬಡಿಸುವ ಹೊತ್ತಿಗೆ ಎದ್ದು ಹೋಗು ಅಂದ ಹಾಗಾಯ್ತು.

ಆಲೆನ್ ಕೈಯಲ್ಲಿ ಆಡಿದ ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲಿ ದೊಡ್ಡ ಕೋಚ್ ಆದರು. ಅವರ ಗರಡಿಯಲ್ಲಿ ಪಳಗಿದ ರಾಯ್ ವಿಲಿಯಮ್ಸ್, ಮೊಮ್ಮಗ ಅಜ್ಜನ ಮನೆಗೆ ಬಂದ ಹಾಗೆ, 1988ರಲ್ಲಿ ಕ್ಯಾನ್ಸಸ್‌ಗೆ ಬಂದರು. ಹದಿನೈದು ವರ್ಷ ಇದ್ದು ಮತ್ತೆ ತಮ್ಮ ನಾರ್ತ್ ಕ್ಯಾರೊಲಿನಾಕ್ಕೇ ಹೊರಟುಹೋದರು. ಅದಕ್ಕೆ ಇಲ್ಲಿಯವರಿಗೆ ಎಷ್ಟು ಸಿಟ್ಟು ಬಂದಿರಬೇಡ, ಅಲ್ವಾ?

ಈಗ ಕ್ಯಾನ್ಸಸ್‌ನ ಕ್ರೀಡಾಂಗಣಕ್ಕೆ ಶಿಷ್ಯ ಆಲೆನ್ ಹೆಸರು, ಅದರ ಮುಂದಿನ ರಸ್ತೆಗೆ ಗುರು ನೈಸ್ಮಿತ್ ಹೆಸರು. ಪಕ್ಕದ ಕಟ್ಟಡದಲ್ಲಿ ಮೇಷ್ಟ್ರ ಮೂಲ ನಿಯಮಗಳ ಎರಡು ಹಾಳೆ ಗಾಜಿನ ಹಿಂದೆ ಇವೆ. ಒಟ್ಟು 13 ನಿಯಮ. ಅಂಪೈರ್ ಇದ್ದಾನೆ, ರೆಫರಿ ಇದ್ದಾನೆ, ಕ್ಯಾಪ್ಟನ್‌ಗಳೂ ಇದ್ದಾರೆ. ಕೋಚ್ ಅನ್ನುವ ಮಾತೇ ಇಲ್ಲ.