ತಾಜಾ ಕಸ ದೊರೆಯುತ್ತದೆ

ದಾವಣಗೆರೆಯಲ್ಲಿ ಈಗ ಕಸಕ್ಕೆ ಬರ ಬಂದಿದೆ. ನಂಬಿಕೆ ಬಾರದಿದ್ದರೆ ಶಾಲೆಗಳ ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಚೌಕಿಪೇಟೆ, ಮಂಡಿಪೇಟೆ ಕಡೆ ಒಂದು ಸುತ್ತು ಹಾಕಿ ಬನ್ನಿ. ಅರ್ಧ ಇಳಿಸಿದ ಶೆಟರ್ ಕೆಳಗೆ ತಲೆ ತೂರಿಸಿಕೊಂಡು ಅಪ್ಪಂದಿರು ಅಂಗಡಿಯವನ ಮುಂದೆ ಗೋಗರೆಯುತ್ತಿರುತ್ತಾರೆ: "ಅಣ್ಣಾ, ಮನೇಲಿ ಬಿದ್ದಿರೋ ಬೇಡದ ಸಾಮಾನು ಒಂದು ಸೆಟ್ ಕೊಡ್ರಿ."

ಶಾಲೆಯ ವಾಟ್ಸಾಪ್ ಗುಂಪಿಗೆ ಫರ್ಮಾನು ಬರುವುದು ಮನೆಮನೆಯಲ್ಲಿ ರಾತ್ರಿಯ ಕುಕ್ಕರ್ ಕೂಗುವ ಹೊತ್ತಿಗೆ. 'ಮಕ್ಕಳು ಮನೆಯಲ್ಲಿನ ಅನುಪಯುಕ್ತ ವಸ್ತುಗಳಿಂದ ಟಾರ್ಚ್ ತಯಾರಿಸಿ ನಾಳೆ ಬೆಳಿಗ್ಗೆ 9ಕ್ಕೆ ತರತಕ್ಕದ್ದು. ಪೋಷಕರು ಸಹಾಯ ಮಾಡಕೂಡದು.' ಕೊನೆಯ ವಾಕ್ಯ ಓದಿದ್ದೇ ತಡ, ಪೋಷಕರು ಬೈಕಿನ ಕೀಲಿ ಹುಡುಕುತ್ತಾರೆ.

ಅಂಗಡಿಯಲ್ಲಿ ಏನುಂಟು ಏನಿಲ್ಲ! ಯಾವ ನಾಲಿಗೆಯೂ ಮುಟ್ಟದ ಐಸ್‌ಕ್ರೀಂ ಕಡ್ಡಿಯ ಕಟ್ಟು. ಯಾವ ಬಟ್ಟೆಯನ್ನೂ ಸುತ್ತದೇ ಇದ್ದ, ಹೊಚ್ಚ ಹೊಸ ರಟ್ಟಿನ ಕೊಳವೆ. ಯಾವ ಅಂಗಿಗೂ ಹೊಲಿಯದ 'ಹಳೇ' ಗುಂಡಿಗಳ ಪೊಟ್ಟಣ. ಖಾಲಿ ಬಾಟಲಿ ಬೇಕೆಂದು ಎರಡು ಲೀಟರ್ ತಂಪು ಪಾನೀಯ ಕೊಂಡು ಬಚ್ಚಲಿಗೆ ಸುರಿದ ಮನೆಗಳೂ ಉಂಟು. ಬಾಟಲಿ ಖಾಲಿ ಇರಬೇಕು ಅಂತಷ್ಟೇ ಮಿಸ್ ಹೇಳಿದ್ದು, ಹೇಗೆ ಖಾಲಿಯಾಯಿತು ಅಂತ ಅವರು ಕೇಳುವುದಿಲ್ಲ. ಅನುಪಯುಕ್ತ ವಸ್ತುಗಳ ಬಿಲ್ಲು ಮುನ್ನೂರು ದಾಟುತ್ತದೆ. ಅದೇ ಅಂಗಡಿಯ ಮೊಳೆಗೆ ನೂರೈವತ್ತು ರೂಪಾಯಿಯ ರೆಡಿ ಟಾರ್ಚು ನೇತಾಡುತ್ತಿರುತ್ತದೆ. ಚುರುಕು ಬುದ್ಧಿಯ ಅಪ್ಪಂದಿರು ಅದನ್ನೇ ಕೊಂಡು, ಸ್ಟಿಕ್ಕರ್ ಕಿತ್ತು, ಮೇಲೆ ಹಳೇ ಪೇಪರ್ ಅಂಟಿಸಿ, ಅನುಪಯುಕ್ತ ಮಾಡಿಬಿಡುತ್ತಾರೆ.

ಆಮೇಲೆ ನಡುರಾತ್ರಿಯ ಕಾರ್ಖಾನೆ. ಅಪ್ಪ ಬೆಸುಗೆ ಹಾಕುತ್ತಾನೆ, ಅಮ್ಮ ಚಾರ್ಟಿಗೆ ಬಾರ್ಡರ್ ಎಳೆಯುತ್ತಾಳೆ, ಇಂಜಿನಿಯರಿಂಗ್ ಓದುವ ಚಿಕ್ಕಪ್ಪನಿಗೆ ಹಾಸ್ಟೆಲಿಗೆ ವಿಡಿಯೊ ಕಾಲ್ ಹೋಗುತ್ತದೆ. ಮಗು ನಿದ್ದೆ ಹೊಡೆಯುತ್ತಿರುತ್ತದೆ. ನಿಯಮ ಹೆಚ್ಚೇನೂ ಮುರಿದಿಲ್ಲ. ಸಹಾಯ ಮಾಡದೇ ಇದ್ದವರು ಪೋಷಕರ ಬದಲು ಮಗು, ಅಷ್ಟೇ.

ಇಷ್ಟಕ್ಕೂ ನಿಜವಾದ ಕಸದಲ್ಲಿ ಟಾರ್ಚ್ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಗಣಪತಿ ಹಬ್ಬಕ್ಕೆ ತಂದು, ಅಟ್ಟದಲ್ಲಿ ಇಲಿ ಕಡಿದ ಸೀರಿಯಲ್ ಸೆಟ್ ಪ್ರತಿ ಮನೆಯಲ್ಲೂ ಇದೆ. ಅದರಿಂದ ಒಂದು ಬಿಳಿ ಎಲ್‌ಇಡಿ ಬಿಡಿಸಿಕೊಂಡರಾಯಿತು. ಅದಕ್ಕೆ ಬೇಕಾದ್ದು ಹೆಚ್ಚುಕಡಿಮೆ 3 ವೋಲ್ಟ್. ತಲಾ ಒಂದೂವರೆ ವೋಲ್ಟಿನ ಎರಡು ಸೆಲ್ಲು ಒಂದರ ಬೆನ್ನಿಗೊಂದು ಇಟ್ಟರೆ ಲೆಕ್ಕ ಸರಿಹೋಯಿತು. ಸೆಲ್ಲು ಟಿ.ವಿ. ರಿಮೋಟಿನದ್ದೇ ಆದೀತು: ಅಂಗೈಗೆ ಬಡಿದು, ಹಲ್ಲಲ್ಲಿ ಕಚ್ಚಿ, ಬಿಸಿಲಿಗಿಟ್ಟು, ಗೋಡೆ ಗಡಿಯಾರದಲ್ಲಿ ಕೊನೆಗಾಲ ಕಳೆಯುತ್ತಿರುವಂಥವು. ಬೆಳಕು ಮಂಕು, ಆದರೆ ರಾತ್ರಿ ಚಪ್ಪಲಿ ಹುಡುಕಲು ಸಾಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್ಸಿಗೆ, ಗಿಡ್ಡ ಕಾಲು ಮೈನಸ್ಸಿಗೆ. ಚಿಪ್ಸ್ ಪೊಟ್ಟಣದ ಒಳಮೈಯ ಬೆಳ್ಳಿ ಹಾಳೆ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ. ಸೇಫ್ಟಿ ಪಿನ್ನೇ ಸ್ವಿಚ್ಚು. ಎಲ್ಲವನ್ನೂ ಹಿಡಿದಿಡಲು ಪಂಕ್ಚರ್ ಅಂಗಡಿಯವನು ಬಿಸಾಡಿದ ಸೈಕಲ್ ಟ್ಯೂಬಿನ ಒಂದು ಚೂರು.

ಇದನ್ನೇ ಒಬ್ಬ ಹುಡುಗಿ ಮಾಡಿ ತಂದಿದ್ದಳು. ಅವಳ ಕಥೆಗೆ ಬರುತ್ತೇನೆ. ಮೊದಲು ಉದ್ಘಾಟನೆ ಮುಗಿಯಲಿ.

ವೇದಿಕೆಯ ಹಿಂದೆ 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ದೊಡ್ಡ ಫ್ಲೆಕ್ಸ್. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಬಿದ್ದದ್ದು 2016ರಲ್ಲಿ. ಫ್ಲೆಕ್ಸಿನ ಮುಂದೆ ಥರ್ಮೋಕೋಲಿನಲ್ಲಿ ಕೊರೆದ ಅಕ್ಷರಗಳು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದು ದೇಶದಲ್ಲೆಲ್ಲ ನಿಂತಿದ್ದು 2022ರ ಜುಲೈ 1ರಂದು. ಮುಖ್ಯ ಅತಿಥಿಗಳು ಮೈಕು ಹಿಡಿದು, ನಮ್ಮೂರು 2016ರಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ್ದನ್ನು ನೆನಪಿಸುತ್ತಿದ್ದಾಗಲೇ ಕರೆಂಟು ಹೋಯಿತು. ಸಭಾಂಗಣ ಕಗ್ಗತ್ತಲು. ಮೇಜುಗಳ ಮೇಲೆ ಸಾಲಾಗಿ ಟಾರ್ಚುಗಳೋ ಟಾರ್ಚುಗಳು! ಕತ್ತಲೊಳಗಿಂದ ಶಿಕ್ಷಕರೊಬ್ಬರ ದನಿ ಕೇಳಿತು: "ಯಾರೂ ಮಾಡೆಲ್ ಆನ್ ಮಾಡಬೇಡ್ರಪ್ಪಾ, ಜಡ್ಜ್ ಬರೋವರೆಗೂ ಸೆಲ್ ಉಳೀಬೇಕು!" ಹಾಗಾಗಿ ಟಾರ್ಚುಗಳು ಶಿಸ್ತಾಗಿ ಆರಿಕೊಂಡೇ ಕುಳಿತವು. ಅತಿಥಿಗಳು ಮೊಬೈಲ್ ಬೆಳಕಿನಲ್ಲಿ ಮೆಟ್ಟಿಲಿಳಿದರು.

ಜಡ್ಜ್ ಬಂದರು. ಹುಡುಗಿಯ ಮೇಜಿನ ಮುಂದೆ ಮೂಗು ಮುರಿದರು.

"ಏನಮ್ಮಾ ಇದು, ಹಿಂಗೆ ಗಲೀಜು?"

"ಕಸದಿಂದ ಮಾಡಿದ್ದು ಸಾರ್."

"ಕಸ ಸರಿ, ಆದ್ರೆ ಕಸದ ಥರ ಕಾಣಬಾರ್ದು. ಫಿನಿಶಿಂಗ್ ಎಲ್ಲಿ? ಚಾರ್ಟ್ ಎಲ್ಲಿ?"

"ಇದು ಹತ್ತುತ್ತೆ ಸಾರ್." ಪಿನ್ನು ಒತ್ತಿ ತೋರಿಸಿದಳು. ಹತ್ತಿತು. ಕೆಂಪು ಎಲ್‌ಇಡಿ ಯಾಕೆ ಹಾಕಲಿಲ್ಲ ಅನ್ನುವುದನ್ನೂ ತಾನೇ ಹೇಳಿದಳು: ಅದಕ್ಕೆ 2 ವೋಲ್ಟ್ ಸುಮಾರು ಸಾಕು, ಹೊಸ ಸೆಲ್ಲಿನ 3 ವೋಲ್ಟ್ ನೇರ ಕೊಟ್ಟರೆ ಸುಟ್ಟುಹೋಗುತ್ತದೆ, ನಡುವೆ ರೆಸಿಸ್ಟರ್ ಬೇಕು. ಬಿಳಿ ಬೆಳಕಿನ ಹಿಂದಿರುವ ನೀಲಿ ಎಲ್‌ಇಡಿಗಾಗಿ 2014ರಲ್ಲಿ ಮೂವರಿಗೆ ನೊಬೆಲ್ ಬಂದಿದೆ ಎಂದಳು. ಆ ಮೂವರೂ ಚಾರ್ಟ್ ತಂದಿರಲಿಲ್ಲವೋ ಏನೋ, ಜಡ್ಜ್ ಮುಂದಿನ ಮೇಜಿಗೆ ನಡೆದರು.

ಮೊದಲ ಬಹುಮಾನ ಸಿಕ್ಕಿದ್ದು 'ದುರ್ಗದ ದೀಪ'ಕ್ಕೆ. 1997ರಲ್ಲಿ ಜಿಲ್ಲೆ ಬೇರೆಯಾದರೂ ನಮ್ಮವರಿಗೆ ಚಿತ್ರದುರ್ಗದ ವ್ಯಾಮೋಹ ಬಿಟ್ಟಿಲ್ಲ. ಥರ್ಮೋಕೋಲಿನ ಏಳು ಸುತ್ತಿನ ಕೋಟೆ, ನಡುವೆ ಕಾವಲು ಬುರುಜಿನ, ಅಂದರೆ ಬತೇರಿಯ ಆಕಾರದ ಟಾರ್ಚು, ಕಿಂಡಿಯ ಪಕ್ಕ ಓಬವ್ವ. ಅವಳ ಒನಕೆಯೇ ಸ್ವಿಚ್ಚು. ಜಡ್ಜ್ ಒನಕೆ ಒತ್ತಿದರು. ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದಾಗ ಒನಕೆ ಕೈಗೇ ಬಂತು. "ಲೂಸ್ ಕನೆಕ್ಷನ್ ಇರ್ಬೇಕು ಸಾರ್," ಅಂದರು ಪಕ್ಕದಲ್ಲಿದ್ದ ಅಪ್ಪ. "ಇರಲಿ ಬಿಡ್ರಿ, ಕಾನ್ಸೆಪ್ಟ್ ಚೆನ್ನಾಗಿದೆ," ಅಂತ ಜಡ್ಜ್ ಅಂಕ ಬರೆದುಕೊಂಡರು.

ಮಾರನೇ ದಿನ ಮಾಡೆಲ್‌ಗಳೆಲ್ಲ ಶಾಲೆಯ ಹಿಂಬದಿಗೆ ಬಂದು ಬಿದ್ದವು. ಗುಜರಿಯವನು ಬಂದು ಒಂದೆರಡನ್ನು ತಿರುವಿ ನೋಡಿದ. ರಟ್ಟಿಗೆ ಥರ್ಮೋಕೋಲ್ ಅಂಟಿದೆ, ಥರ್ಮೋಕೋಲಿಗೆ ಗ್ಲಿಟ್ಟರ್ ಅಂಟಿದೆ, ಒಳಗೆ ಸೆಲ್ಲು ಸಿಕ್ಕಿಕೊಂಡಿದೆ. "ಇದು ಯಾವುದಕ್ಕೂ ಬರಲ್ಲ ಸಾರ್," ಅಂತ ಸೈಕಲ್ ತಿರುಗಿಸಿದ. ಕಸದ ಗಾಡಿಯವರು ಹಸಿಯೋ ಒಣವೋ ಎಂದು ಕೇಳಿ, ಉತ್ತರ ಸಿಗದೆ ಬಿಟ್ಟುಹೋದರು.

ಪೇಟೆಯ ಅಂಗಡಿಯವನಿಗೆ ಮಾತ್ರ ಯಾವ ಗೊಂದಲವೂ ಇಲ್ಲ. ಮುಂದಿನ ಪ್ರದರ್ಶನದ ವಿಷಯ ಗಾಳಿ ವಿದ್ಯುತ್ ಅಂತ ಅವನಿಗೆ ಶಾಲೆಯವರಿಗಿಂತ ಮೊದಲೇ ಗೊತ್ತು. "ಈಗ್ಲೇ ಹೇಳಿಟ್ಟಿರ್ರಿ ಸಾರ್," ಅನ್ನುತ್ತಾನೆ, "ಕೆಟ್ಟುಹೋದ ಫ್ಯಾನಿನ ರೆಕ್ಕೆ, ಹೊಸ ಸ್ಟಾಕ್ ಸೋಮವಾರ ಬರ್ತೈತೆ."