ಗಾಳಿ ಸ್ವಲ್ಪ ಜಾಸ್ತಿ

ನಮ್ಮ ಮನೆ ಫ್ರಿಜ್ ಬಾಗಿಲ ಮೇಲೆ ಡೊಳ್ಳುಹೊಟ್ಟೆಯ ಮೀನುಗಾರನೊಬ್ಬ ಎರಡು ವರ್ಷದಿಂದ ಕುಣಿಯುತ್ತಿದ್ದಾನೆ. ನೀಲಿ ಸ್ವೆಟರ್, ಉದ್ದನೆ ಬೂಟು, ಅಗಲಿಸಿದ ಎರಡೂ ಕೈ, ಗಾಳಿಗೆ ಹಾರುವ ಮಫ್ಲರ್. ಕಾಲಂತೂ ನೆಲದ ಮೇಲಿಲ್ಲ. ಇಂಗ್ಲೆಂಡಿನಲ್ಲಿರುವ ತಂಗಿ ತಂದುಕೊಟ್ಟ ಮ್ಯಾಗ್ನೆಟ್ ಅದು. ಅವನ ಹೊಟ್ಟೆಯಡಿ ಕರೆಂಟ್ ಬಿಲ್ ಸಿಕ್ಕಿಸಿರುತ್ತೇವೆ, ಆದರೂ ಅವನ ನಗು ಕಮ್ಮಿಯಾಗಿಲ್ಲ.

ಇವನು ಹುಟ್ಟಿದ್ದು 1908ರಲ್ಲಿ, ಒಂದು ರೈಲ್ವೆ ಪೋಸ್ಟರಿನ ಮೇಲೆ. ಗ್ರೇಟ್ ನಾರ್ದರ್ನ್ ರೈಲ್ವೆಯವರಿಗೆ ಲಂಡನ್ನಿನ ಜನರನ್ನು ಈಸ್ಟರ್ ರಜೆಗೆ ಸ್ಕೆಗ್ನೆಸ್ ಎಂಬ ಕಡಲೂರಿಗೆ ಕರೆದೊಯ್ಯಬೇಕಿತ್ತು. ಟಿಕೆಟ್ 3 ಶಿಲ್ಲಿಂಗ್. ಪೋಸ್ಟರಿಗೆ ಚಿತ್ರ ಬರೆದ ಜಾನ್ ಹ್ಯಾಸಲ್‌ಗೆ ಸಿಕ್ಕಿದ್ದು 12 ಗಿನಿ (ಒಂದು ಗಿನಿ ಅಂದರೆ 21 ಶಿಲ್ಲಿಂಗ್). ತಮಾಷೆ ಏನಂದರೆ, ಆ ಪುಣ್ಯಾತ್ಮ ಸ್ಕೆಗ್ನೆಸ್‌ಗೆ ಮೊದಲ ಸಲ ಕಾಲಿಟ್ಟಿದ್ದೇ 1936ರಲ್ಲಂತೆ!

ಆದರೂ ಸುಳ್ಳು ಬರೆಯಲಿಲ್ಲ ಅನ್ನೋದು ನನ್ನ ವಾದ. ಪೋಸ್ಟರಿನ ಮೇಲಿನ ಸಾಲು 'ಸ್ಕೆಗ್ನೆಸ್ ಈಸ್ ಸೋ ಬ್ರೇಸಿಂಗ್'. ಬ್ರೇಸಿಂಗ್ ಅಂದರೆ ಮೈ ಜುಮ್ಮೆನ್ನಿಸಿ ಹುರುಪು ತರುವ ಗಾಳಿ. ಬಿಡಿಸಿ ಹೇಳಿದರೆ, ಹಲ್ಲು ಕಟಕಟ ಅನ್ನುತ್ತೆ, ಆದ್ರೂ ಬನ್ನಿ. ಉತ್ತರ ಸಮುದ್ರದ ದಡ, ಅದೂ ಈಸ್ಟರ್ ಹೊತ್ತಲ್ಲಿ, ಬಿಸಿಲು ಕಾಯಿಸಿಕೊಳ್ಳಿ ಅಂತ ಕರೆದಿದ್ದರೆ ಜನ ವಾಪಸ್ ಬಂದು ಬೈಯುತ್ತಿದ್ದರು, ಅಲ್ವಾ?

ಆಮೇಲೆ ಬಂದ ಎಷ್ಟೋ ಪೋಸ್ಟರುಗಳಲ್ಲಿ ಗಾಳಿಯೇ ಇಲ್ಲ. 1923ರಲ್ಲಿ ಅಲ್ಲಿನ ಹೆಚ್ಚಿನ ರೈಲ್ವೆ ಕಂಪನಿಗಳು ಸೇರಿ ನಾಲ್ಕಾದವು, ಪೈಪೋಟಿ ಜೋರಾಯಿತು, ಕಡಲು ನೀಲಿಯಾಗುತ್ತಾ ಹೋಯಿತು. ಟಾಮ್ ಪರ್ವಿಸ್ ಎಂಬಾತ 1931ರಲ್ಲಿ ಆ ನಾಲ್ಕರಲ್ಲೊಂದಾದ ಎಲ್ಎನ್ಇಆರ್ ಕಂಪನಿಗೆ ಬರೆದ ಆರು ಪೋಸ್ಟರುಗಳನ್ನು ಸಾಲಾಗಿ ಅಂಟಿಸಿದರೆ ಒಂದೇ ಉದ್ದನೆ ಕಡಲತೀರ ಆಗುತ್ತೆ. ನನಗೆ ಅವು ಬಲು ಇಷ್ಟ. ಹತ್ತಿರ ಹೋಗಿ ನೋಡಿದರೆ ಏನೂ ಇಲ್ಲ, ಒಂದು ಅಚ್ಚ ಬಣ್ಣದ ಪಟ್ಟೆ ಮರಳು, ಇನ್ನೊಂದು ಪಟ್ಟೆ ನೀರು, ಮನುಷ್ಯರೂ ಕತ್ತರಿಸಿ ಅಂಟಿಸಿದ ಬಣ್ಣದ ಕಾಗದದ ಹಾಗೆ. ಕಲ್ಲಚ್ಚಿನ ಕಾಲದ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಬೇಕು. ಬಣ್ಣ ಜಾಸ್ತಿಯಾದಷ್ಟೂ ಖರ್ಚು. ಮೇಲಾಗಿ ಎದುರು ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣಿಗೂ ಬೀಳಬೇಕು. ಹಾಗಾಗಿ ಅಲೆಯ ನೊರೆ, ಮೋಡ, ಮೂಗು, ಬಾಯಿ ಎಲ್ಲ ಕಟ್. ಚಳಿಯೂ ಅದರ ಜೊತೆಗೇ ಕಟ್ ಆಗಿರಬೇಕು.

ಮೋಸ ಅಂತ ಅಂದುಬಿಡಬಹುದು. ಆದರೆ ಸಂಬಳ ಸಹಿತ ರಜೆಗೆ ಅಲ್ಲಿ ಕಾನೂನು ಬಂದಿದ್ದೇ 1938ರಲ್ಲಿ. ಅದಕ್ಕೂ ಮುಂಚೆ ಕಾರ್ಖಾನೆಯಲ್ಲಿ ದುಡಿಯುವ ಎಷ್ಟೋ ಜನಕ್ಕೆ ರಜೆ ಅಂದರೆ ಆ ದಿನದ ಕೂಲಿಯೂ ಖೋತಾ. ಹೊಗೆ ತುಂಬಿದ ಸ್ಟೇಷನ್ನಿನಲ್ಲಿ ಕೆಲಸದ ರೈಲಿಗೆ ಕಾಯುವವನಿಗೆ ಆ ನೀಲಿ ಪಟ್ಟೆ ನೋಡೋಕೆ ದುಡ್ಡು ಕೊಡಬೇಕಿರಲಿಲ್ಲ.

ತಂಗಿ ಹೋದ ವರ್ಷ ಜುಲೈನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಸ್ಕೆಗ್ನೆಸ್‌ಗೆ ಹೋಗಿದ್ದಳು. ಫೋನಿನಲ್ಲಿ ಅವಳ ಮಾತಿಗಿಂತ ಗಾಳಿಯ ಸದ್ದೇ ಜಾಸ್ತಿ. 'ಅಣ್ಣಾ, ಸ್ವೆಟರ್ ಹಾಕ್ಕೊಂಡು ಐಸ್‌ಕ್ರೀಮ್ ತಿಂತಿದೀವಿ ಕಣೋ' ಅಂತ ಕಿರುಚಿದಳು. ಚಿಕ್ಕವನ ಟೋಪಿ ಹಾರಿಹೋಯಿತಂತೆ, ಅದರ ಹಿಂದೆ ಅವಳ ಯಜಮಾನರು ಓಡುತ್ತಿದ್ದರಂತೆ, ಕೈ ಎರಡೂ ಅಗಲಿಸಿಕೊಂಡು. ಹೊಟ್ಟೆಯೂ ಹೆಚ್ಚುಕಮ್ಮಿ ಅದೇ ಅಳತೆ.

ಈ ಜುಲೈಗೂ ಟಿಕೆಟ್ ಮಾಡಿಸಿದ್ದಾಳೆ. ತಲೆಗೆ ಎರಡೆರಡು ಸ್ವೆಟರ್ ಅಂತೆ.