ಗಿಡದ ಸಾರದ ಆಂಟಿಆಕ್ಸಿಡೆಂಟ್ ಪರೀಕ್ಷೆ: ನಮ್ಮ ಪ್ರಯೋಗಾಲಯಗಳಿಗೆ ಬೇಕೆ, ಸಾಕೆ?

ಪ್ರಶ್ನೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಸ್ಯಸಾರಗಳ ಆಂಟಿಆಕ್ಸಿಡೆಂಟ್ ಗುಣ (ಕೋಶಗಳಿಗೆ ಹಾನಿ ಮಾಡಬಲ್ಲ ಫ್ರೀ ರ್‍ಯಾಡಿಕಲ್ ಎಂಬ ಚುರುಕು ಕಣಗಳನ್ನು ತಣಿಸುವ ಗುಣ), ಉರಿಯೂತ ತಗ್ಗಿಸುವ ಗುಣ ಅಳೆಯುವ ಪ್ರಾಜೆಕ್ಟುಗಳಿಗೆ ಹಣವನ್ನೂ ವಿದ್ಯಾರ್ಥಿಗಳ ವರ್ಷಗಳನ್ನೂ ಹಾಕುವುದು ಸರಿಯೇ?

ಪರ: ಇದ್ದ ಬೆಳೆಯನ್ನೇ ಅಳೆಯೋಣ

ಡಿಪಿಪಿಎಚ್ ಎಂಬ ಫ್ರೀ ರ್‍ಯಾಡಿಕಲ್ ಪುಡಿಯನ್ನು ಮೆಥನಾಲ್‌ನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ ಬರುತ್ತದೆ. ಅದಕ್ಕೆ ದಾಳಿಂಬೆ ಸಿಪ್ಪೆಯ ಸಾರ ಒಂದಿಷ್ಟು ಬೆರೆಸಿ, ಬೆಳಕು ತಾಗದಂತೆ ನಳಿಕೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಅರ್ಧ ಗಂಟೆ ಇಡಬೇಕು. ಹಾಳೆ ಬಿಚ್ಚಿದಾಗ ನೇರಳೆ ಹೋಗಿ ತಿಳಿ ಹಳದಿ ಆಗಿರುತ್ತದೆ. ಬಣ್ಣ ಅಳೆಯುವ ಯಂತ್ರದಲ್ಲಿ 517 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆದರೆ ಬಣ್ಣ ಎಷ್ಟು ಇಳಿಯಿತೆಂಬ ಲೆಕ್ಕ ಸಿಗುತ್ತದೆ; ಹೆಚ್ಚು ಇಳಿದಷ್ಟೂ ಆಂಟಿಆಕ್ಸಿಡೆಂಟ್ ಗುಣ ಹೆಚ್ಚು. ದಾಳಿಂಬೆ ಬೆಳೆಯುವ ಮನೆಯಿಂದ ಬಂದ ಎಂ.ಎಸ್ಸಿ. ಹುಡುಗಿ ತನ್ನ ಹೊಲದ ಹಣ್ಣಿನಿಂದಲೇ ಆ ಹಳದಿಯನ್ನು ತಂದಾಗ ಅವಳ ಮುಖದ ಮೇಲಿನ ಹುರುಪನ್ನು ನಾನು ನೋಡಿದ್ದೇನೆ. ಜೀವರಸಾಯನಶಾಸ್ತ್ರ ಅವಳ ಕೈಗೆ ಸಿಗುವುದು ಅಲ್ಲಿ. ಇದನ್ನು ಕಾಲಹರಣ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಅದೇ ಯಂತ್ರದಲ್ಲಿ ಕಿಣ್ವಗಳ ಕೆಲಸವನ್ನೂ ನೋಡಬಹುದು. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ನೀಲಿ. ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದಿದ್ದರೆ ನೀಲಿ ಇಲ್ಲ. ಗಿಡದ ಸಾರ ಆ ಕಿಣ್ವವನ್ನು ತಡೆದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಕೆಲಸ ಮಾಡುವುದು ಹೀಗೇ, ಪಿಷ್ಟ ಒಡೆಯುವ ಕಿಣ್ವಗಳ ಕೈಕಟ್ಟಿ. ಕೋಟಿಗಟ್ಟಲೆ ಬೆಲೆಯ ಉಪಕರಣವಿಲ್ಲದ ಕಾಲೇಜಿನಲ್ಲೂ ಕಿಣ್ವದ ವೇಗ, ತಡೆ, ಪ್ರಮಾಣಕ್ಕೆ ತಕ್ಕ ಪರಿಣಾಮ ಇಷ್ಟನ್ನೂ ಮಕ್ಕಳು ತಾವೇ ಮಾಡಿ ಕಲಿಯುತ್ತಾರೆ.

ಔಷಧದ ಚರಿತ್ರೆ ನೋಡಿ. ವಿಲ್ಲೋ ಮರದ ತೊಗಟೆ ಜ್ವರಕ್ಕೆ ಆಗುತ್ತದೆಂದು ಜನಕ್ಕೆ ಗೊತ್ತಿತ್ತು. ತೊಗಟೆಯ ಸ್ಯಾಲಿಸಿನ್‌ನಿಂದ ಹೊರಟ ದಾರಿ ಆಸ್ಪಿರಿನ್‌ಗೆ ಬಂತು. ಅದು ಮೈಯಲ್ಲಿ ಉರಿಯೂತ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆದು ಉರಿಯೂತ ಇಳಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರಲ್ಲಿ ಅವರಿಗೆ ನೊಬೆಲ್ ಬಂತು. ಜನರ ತಿಳಿವಳಿಕೆಗೂ ಕಿಣ್ವದ ವಿವರಣೆಗೂ ನಡುವೆ ತಲೆಮಾರುಗಳ ಸಣ್ಣ ಸಣ್ಣ ಪ್ರಯೋಗಗಳಿವೆ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಅರಿಷಿಣದ ಹಳದಿ ಅಂಶ ಕುರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶ ಪೈಪರಿನ್ ಕೊಟ್ಟರೆ ರಕ್ತದಲ್ಲಿ ಕುರ್ಕ್ಯುಮಿನ್ ಪ್ರಮಾಣ ಸುಮಾರು 20 ಪಟ್ಟು ಏರುತ್ತದೆಂದು ಕಂಡುಕೊಂಡರು. 1998ರ ಆ ಪ್ರಬಂಧವನ್ನು ಜಗತ್ತಿನಾದ್ಯಂತ ಇಂದಿಗೂ ಉಲ್ಲೇಖಿಸುತ್ತಾರೆ.

ಇನ್ನು ಆಂಟಿಆಕ್ಸಿಡೆಂಟ್ ಎಂದರೆ ಫ್ರೀ ರ್‍ಯಾಡಿಕಲ್ ನುಂಗುವ ವಸ್ತು ಎಂಬ ಹಳೆಯ ತಿಳಿವಳಿಕೆಯಲ್ಲೇ ಯಾರೂ ನಿಂತಿಲ್ಲ. ಕೋಶದೊಳಗೆ ಕೀಪ್-1 ಎಂಬ ಪ್ರೋಟೀನು ಎನ್‌ಆರ್‌ಎಫ್-2 ಎಂಬ ಇನ್ನೊಂದನ್ನು ಹಿಡಿದಿಟ್ಟಿರುತ್ತದೆ. ಎಲೆಕೋಸು ಜಾತಿಯ ಸಲ್ಫೊರಾಫೇನ್, ಅರಿಷಿಣದ ಕುರ್ಕ್ಯುಮಿನ್‌ನಂಥವು ಕೀಪ್-1ನ್ನು ತುಸು ಕೆಣಕಿದರೆ ಎನ್‌ಆರ್‌ಎಫ್-2 ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ಹೋಗುತ್ತದೆ, ನಮ್ಮದೇ ರಕ್ಷಕ ಕಿಣ್ವಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಇಷ್ಟು ಗೊತ್ತಾದ ಮೇಲೆ ನಳಿಕೆಯ ಪರೀಕ್ಷೆ ಕೊನೆಯ ಮಾತಲ್ಲ ನಿಜ, ಆದರೆ ಯಾವ ಸಾರವನ್ನು ಮುಂದಕ್ಕೆ ಒಯ್ಯಬೇಕೆಂದು ಜರಡಿ ಹಿಡಿಯಲು ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ರೈತನ ಮಾತೂ ಇದೆ. ರಾಯಬಾಗ, ಗೋಕಾಕ, ತೇರದಾಳ ಕಡೆಯ ಅರಿಷಿಣ ಸಾಂಗಲಿ ಪೇಟೆಗೆ ಹೋಗುತ್ತದೆ. ಯಾವ ತಳಿಯಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಹೊತ್ತು ಕುದಿಸಿದರೆ ಕುರ್ಕ್ಯುಮಿನ್ ಎಷ್ಟು ಉಳಿಯುತ್ತದೆ ಎಂಬ ಅಂಕಿ ರೈತನ ಕೈಯಲ್ಲಿದ್ದರೆ ದಲಾಲರೆದುರು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಿದೆ. ಬೆಳೆ ಇಲ್ಲಿ, ಕಲಿತ ಕೈ ಇಲ್ಲಿ. ಅಳೆಯುವುದನ್ನು ಮಾತ್ರ ಬೇರೆಯವರಿಗೆ ಯಾಕೆ ಬಿಡಬೇಕು?

ವಿರೋಧ: ಬಣ್ಣ ಇಳಿದರೆ ರೋಗ ಇಳಿಯುವುದಿಲ್ಲ

ನಾನು ವಿಜಯಪುರದಲ್ಲಿ ರೋಗಿಗಳನ್ನು ನೋಡುವವನು. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರು ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಮೇಜಿನ ಮೇಲಿಡುತ್ತಾರೆ: ಅರಿಷಿಣದ ಕ್ಯಾಪ್ಸೂಲು, ಕೆಳಗೆ ಸಣ್ಣಕ್ಷರದಲ್ಲಿ ಕಾಳುಮೆಣಸಿನ ಸಾರ. "ಇದು ಗಿಡದ್ದರೀ ಸಾಹೇಬ್ರ, ಏನೂ ಆಗೂದಿಲ್ಲಂತ." ಏನೂ ಆಗುವುದಿಲ್ಲ ಎಂದು ಹೇಗೆ ಹೇಳಲಿ? ಆ 20 ಪಟ್ಟಿನ ಗುಟ್ಟೇ ಕಿಣ್ವ ತಡೆ. ಕುರ್ಕ್ಯುಮಿನ್ನನ್ನು ಹೊರಹಾಕಲು ಕರುಳು, ಲಿವರ್ ಬಳಸುವ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ. ಆದರೆ ಆ ತಡೆ ಕುರ್ಕ್ಯುಮಿನ್ ಒಂದಕ್ಕೇ ನಿಲ್ಲುವುದಿಲ್ಲ. ಫೆನಿಟಾಯಿನ್, ರಕ್ತದೊತ್ತಡದ ಮಾತ್ರೆ ಪ್ರೊಪ್ರನಾಲಾಲ್ ಮಟ್ಟವೂ ಪೈಪರಿನ್‌ನಿಂದ ಏರುವುದು ಮನುಷ್ಯರಲ್ಲೇ ಕಂಡಿದೆ. 2019ರಲ್ಲಿ ಇಟಲಿಯ ಆರೋಗ್ಯ ಇಲಾಖೆ ಕುರ್ಕ್ಯುಮಿನ್ ಉತ್ಪನ್ನ ಸೇವಿಸಿದವರಲ್ಲಿ ಲಿವರ್ ಉರಿಯೂತದ ಪ್ರಕರಣಗಳನ್ನು ವರದಿ ಮಾಡಿತು. ಊಟದ ಚಿಟಿಕೆ ಅರಿಷಿಣದ ಮಾತಲ್ಲ ಇದು. ಪುಡಿಯಲ್ಲಿ ಕುರ್ಕ್ಯುಮಿನ್ ನೂರಕ್ಕೆ 3ರ ಆಸುಪಾಸು. ಆ 1998ರ ಪ್ರಯೋಗದಲ್ಲಿ ಕೊಟ್ಟ 2 ಗ್ರಾಂ ಕುರ್ಕ್ಯುಮಿನ್ ಅಡುಗೆಮನೆಯಿಂದ ಬರಬೇಕಾದರೆ 60 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು.

ಡಿಪಿಪಿಎಚ್ ಮನುಷ್ಯನ ಮೈಯಲ್ಲಿ ಎಲ್ಲೂ ಇಲ್ಲದ ವಸ್ತು. ಫಿನಾಲ್ ಜಾತಿಯ ರಾಸಾಯನಿಕ ಇರುವ ಯಾವ ಗಿಡವೂ ಅದರ ಬಣ್ಣ ಇಳಿಸುತ್ತದೆ, ಚಹಾಪುಡಿಯೂ ಇಳಿಸುತ್ತದೆ. ಎಲ್ಲರೂ ಪಾಸಾಗುವ ಪರೀಕ್ಷೆ ಜರಡಿ ಹೇಗಾದೀತು? ಆಹಾರಗಳ ಇಂಥ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಇಟ್ಟಿತ್ತು. ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸಿದವು, ಆ ಅಂಕಿಗೂ ಆರೋಗ್ಯಕ್ಕೂ ನಂಟಿಲ್ಲ ಎಂದು 2012ರಲ್ಲಿ ಇಲಾಖೆಯೇ ಪಟ್ಟಿಯನ್ನು ಕಿತ್ತುಹಾಕಿತು. ಕಿಣ್ವ ಪರೀಕ್ಷೆಯಲ್ಲೂ ಮೋಸವಿದೆ. ಕುರ್ಕ್ಯುಮಿನ್ ತಾನೇ ಬಣ್ಣದ್ದು, ತಾನೇ ಹೊಳೆಯುವಂಥದ್ದು, ಕಂಡ ಪ್ರೋಟೀನಿಗೆಲ್ಲ ಅಂಟಿಕೊಳ್ಳುವಂಥದ್ದು. ಹಾಗಾಗಿ ಅನೇಕ ಪರೀಕ್ಷೆಗಳಲ್ಲಿ ಅದು ಸುಳ್ಳು ಯಶಸ್ಸು ತೋರಿಸುತ್ತದೆಂದು 2017ರ ವಿಮರ್ಶೆಯೊಂದು ಬಿಡಿಸಿ ಹೇಳಿದೆ.

ನನ್ನ ದೊಡ್ಡ ತಕರಾರು ಬೇರೆ. ಆಂಟಿಆಕ್ಸಿಡೆಂಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬುದನ್ನು ಮನುಷ್ಯರ ಮೇಲೆ ಪರೀಕ್ಷಿಸಿಯಾಗಿದೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಸೇರಿಸಿ, ಅವರಲ್ಲಿ ಅರ್ಧದಷ್ಟು ಜನಕ್ಕೆ ಗಜ್ಜರಿಯಲ್ಲಿರುವ ಬೀಟಾ-ಕ್ಯಾರೋಟಿನ್ ಗುಳಿಗೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಆ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಬೀಟಾ-ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡುತ್ತಿದ್ದ ಅಧ್ಯಯನದಲ್ಲಿ ಶೇ 28ರಷ್ಟು ಹೆಚ್ಚಾಗಿ, ಅದನ್ನು 1996ರಲ್ಲಿ ನಡುವೆಯೇ ನಿಲ್ಲಿಸಿದರು. ಬ್ಯಾಕ್ಟೀರಿಯಾ ಕೊಲ್ಲಲು ನಮ್ಮ ಬಿಳಿ ರಕ್ತಕಣಗಳೇ ಫ್ರೀ ರ್‍ಯಾಡಿಕಲ್ ತಯಾರಿಸುತ್ತವೆ. ಅವನ್ನು ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳು ಸೋಂಕಿನಿಂದ ನರಳುತ್ತಾರೆ. ವ್ಯಾಯಾಮದ ಜೊತೆ ವಿಟಮಿನ್ ಸಿ, ಇ ಗುಳಿಗೆ ಕೊಟ್ಟಾಗ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ ಸುಧಾರಿಸಲೇ ಇಲ್ಲ ಎಂದು 2009ರಲ್ಲಿ ಜರ್ಮನಿಯವರು ತೋರಿಸಿದರು.

ಮಕ್ಕಳು ಕಲಿಯಲಿ, ಪ್ರಾಕ್ಟಿಕಲ್ ತರಗತಿಯಲ್ಲಿ ಡಿಪಿಪಿಎಚ್ ಇರಲಿ. ಅರಿಷಿಣದ ಕುರ್ಕ್ಯುಮಿನ್ ಅಳೆದು ರೈತನಿಗೆ ಕೊಡಲಿ, ಅದಕ್ಕೂ ನನ್ನ ತಕರಾರಿಲ್ಲ. ಅದು ಗುಣಮಟ್ಟದ ಪರೀಕ್ಷೆ, ಔಷಧದ ಸಂಶೋಧನೆಯಲ್ಲ. ಆದರೆ ಗಿಡದ ಹೆಸರು ಬದಲಿಸಿ ಅದೇ ನಳಿಕೆ ಪರೀಕ್ಷೆಗಳನ್ನೇ ಮಾಡಿ ಪಿಎಚ್.ಡಿ. ಕೊಡುವುದು ನಿಲ್ಲಬೇಕು. ಆ ಹಣದಲ್ಲಿ ಒಂದೇ ಬೆಳೆ ಹಿಡಿಯಿರಿ. ದಾಳಿಂಬೆಯಲ್ಲಿರುವ ಎಲಾಜಿಟ್ಯಾನಿನ್ ಎಂಬ ಒಗರು ಅಂಶ‌ಗಳನ್ನು ಕರುಳಿನ ಬ್ಯಾಕ್ಟೀರಿಯಾ ಯುರೋಲಿಥಿನ್ ಎಂಬ ಸಣ್ಣ ಅಣು‌ಗಳಾಗಿ ಬದಲಿಸುತ್ತವೆ, ಎಲ್ಲರ ಕರುಳಿನಲ್ಲೂ ಅಲ್ಲ. ದಿನಾ ಜೋಳದ ರೊಟ್ಟಿ, ಕಾಳುಪಲ್ಯ ತಿನ್ನುವ ನಮ್ಮ ಜನರಲ್ಲಿ ಯಾರಲ್ಲಿ ಆಗುತ್ತದೆ, ಯಾರಲ್ಲಿ ಇಲ್ಲ? ಬಾಗಲಕೋಟೆಯ ಹಣ್ಣು, ಬೆಳಗಾವಿಯ ಪ್ರಯೋಗಾಲಯ, ಇಲ್ಲಿನ ವೈದ್ಯಕೀಯ ಕಾಲೇಜುಗಳ ರೋಗಿಗಳು ಒಂದೇ ಅಧ್ಯಯನದಲ್ಲಿ ಸೇರಿ ಐದು ವರ್ಷ ನಡೆಯಲಿ, ನಾನೂ ಜೊತೆಗಿರುತ್ತೇನೆ. ಅದರ ಫಲಿತಾಂಶ ಬರುವವರೆಗೆ ಯಾವ ಪ್ರಾಧ್ಯಾಪಕರೂ "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂದು ಪತ್ರಿಕೆಗೆ ಹೇಳಿಕೆ ಕೊಡಬಾರದು, ಏಕೆಂದರೆ ಮರುದಿನವೇ ಮಾತ್ರೆ ನಿಲ್ಲಿಸುವವರು ನನ್ನ ರೋಗಿಗಳು.